ಗೋದಾಮಿನ ಲೆಕ್ಕ ಗಣಕಯಂತ್ರಕ್ಕೆ ಬಂದ ಕಥೆ



ಇತಿಹಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ರಾಜರು, ಕೋಟೆ ಕೊತ್ತಲಗಳು, ಯುದ್ಧಗಳು ಬಂದು ನಿಲ್ಲುತ್ತವೆ. ಪಠ್ಯಪುಸ್ತಕಗಳೂ ನಮಗೆ ಹೆಚ್ಚಾಗಿ ಅದನ್ನೇ ಕಲಿಸಿವೆ. ಆದರೆ ಅಂಗಡಿಗೂ ಒಂದು ಇತಿಹಾಸವಿದೆ. ಗೋದಾಮಿಗೂ ಇದೆ. ಗುಮಾಸ್ತನ ಕೈಯಲ್ಲಿರುವ ಲೆಕ್ಕದ ಪುಸ್ತಕಕ್ಕೂ ಇದೆ. ನಾವು ದಿನನಿತ್ಯ ಕನ್ನಡದಲ್ಲಿ ಬಳಸುವ ಜಮಾ, ಬಾಕಿ, ವಸೂಲಿ, ತಪಸೀಲು ಎಂಬ ಮಾತುಗಳು ಅರಬ್ಬಿ ಮೂಲದವು. ಖರ್ಚು, ಗುಮಾಸ್ತ ಎಂಬವು ಫಾರಸಿಯಿಂದ ಬಂದವು. ವ್ಯಾಪಾರ ಮತ್ತು ಆಡಳಿತದ ಹಾದಿ ಹಿಡಿದು ಬಂದ ಈ ಪದಗಳು ಇಂದು ಕನ್ನಡದ್ದೇ ಆಗಿಬಿಟ್ಟಿವೆ. ಲೆಕ್ಕ ಬರೆಯುವ ಕೆಲಸ ಎಷ್ಟು ದೂರದಿಂದ, ಎಷ್ಟು ಕೈಗಳನ್ನು ದಾಟಿ ಬಂದಿದೆ ಎಂಬುದಕ್ಕೆ ಈ ಮಾತುಗಳೇ ಸಾಕ್ಷಿ.

ಕಳೆದ ಅರುವತ್ತು ವರ್ಷಗಳಲ್ಲಿ ಈ ಲೆಕ್ಕದ ಪುಸ್ತಕ ಮತ್ತೊಂದು ಪಯಣ ಮಾಡಿತು. ಕಾಗದದಿಂದ ಹೊರಟು ಗಣಕಯಂತ್ರವನ್ನು ಸೇರಿತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಖರೀದಿ, ಉತ್ಪಾದನೆ, ದಾಸ್ತಾನು, ಮಾರಾಟ, ಹಣಕಾಸು ಎಲ್ಲವನ್ನೂ ಒಂದೇ ತಂತ್ರಾಂಶದೊಳಗೆ ತಂದವು. ಕೆಲವು ಕಂಪನಿಗಳು ಅದರಿಂದ ಬೆಳೆದವು. ಕೆಲವು ಅದೇ ಕೆಲಸದಲ್ಲಿ ಎಡವಿ ಬಿದ್ದವು. ಬಿದ್ದವರ ಕಥೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮುಖ್ಯ ಪಾಠವಿದೆ. ಅದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತೇನೆ.

ಒಂದು ಕಾರ್ಖಾನೆ, ಹಲವು ಪುಸ್ತಕ

ಮೊದಲು ಹಳೆಯ ಪದ್ಧತಿಯನ್ನು ಸ್ವಲ್ಪ ನೋಡೋಣ. ಒಂದು ದೊಡ್ಡ ಕಾರ್ಖಾನೆ ಇದೆ ಎಂದುಕೊಳ್ಳಿ. ಖರೀದಿ ವಿಭಾಗದವರು ತಮ್ಮದೊಂದು ಪುಸ್ತಕ ಇಟ್ಟುಕೊಂಡಿರುತ್ತಾರೆ. ಗೋದಾಮಿನವರದು ಬೇರೊಂದು ಪುಸ್ತಕ. ಮಾರಾಟದವರದು ಮತ್ತೊಂದು. ಹಣಕಾಸಿನವರದು ಇನ್ನೊಂದು. ತಿಂಗಳ ಕೊನೆಗೆ ಈ ನಾಲ್ಕನ್ನೂ ತಾಳೆ ನೋಡಿದಾಗ ಒಂದಕ್ಕೊಂದು ಹೊಂದುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಒಂದೊಂದು ವಿಭಾಗವೂ ತನ್ನದೇ ದಿಕ್ಕಿಗೆ ಎಳೆಯುತ್ತಿರುತ್ತದೆ. ಮಾರಾಟದವನು ಗ್ರಾಹಕನಿಗೆ ಮಾತು ಕೊಟ್ಟಿರುತ್ತಾನೆ, ಗೋದಾಮಿನಲ್ಲಿ ಸಾಮಾನು ಇರುವುದಿಲ್ಲ. ಖರೀದಿಯವನು ಅಗ್ಗಕ್ಕೆ ಸಿಕ್ಕಿತೆಂದು ರಾಶಿ ಹಾಕಿರುತ್ತಾನೆ, ಅದನ್ನು ಕೊಳ್ಳುವವರೇ ಇರುವುದಿಲ್ಲ.

ಈ ತೊಂದರೆಗೆ ಪರಿಹಾರ ಹುಡುಕಿದವರಲ್ಲಿ ಜೋಸೆಫ್ ಓರ್ಲಿಕಿ ಎಂಬವರ ಹೆಸರು ಮೊದಲು ಬರುತ್ತದೆ. ಚೆಕೊಸ್ಲೊವಾಕಿಯಾದಿಂದ ಅಮೆರಿಕಕ್ಕೆ ವಲಸೆ ಬಂದ ಇವರು ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಪಟ್ಟಣದಲ್ಲಿದ್ದ ಜೆ.ಐ. ಕೇಸ್ ಎಂಬ ಟ್ರ್ಯಾಕ್ಟರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅವರು ರೂಪಿಸಿದ ವಿಧಾನಕ್ಕೆ ಮುಂದೆ ಎಂ.ಆರ್.ಪಿ. ಎಂಬ ಹೆಸರು ಬಂತು. ಅಂದರೆ ಸಾಮಗ್ರಿ ಅಗತ್ಯದ ಯೋಜನೆ.

ಅದರ ತಿರುಳು ಬಹಳ ಸರಳವಾದುದು. ಎಷ್ಟು ಟ್ರ್ಯಾಕ್ಟರ್ ಮಾರಾಟವಾಗಬಹುದು ಎಂಬುದನ್ನು ಅಂದಾಜು ಮಾಡಲೇಬೇಕು. ಆದರೆ ಎಷ್ಟು ಚಕ್ರ ಬೇಕು ಎಂಬುದನ್ನು ಅಂದಾಜು ಮಾಡುವ ಅಗತ್ಯವಿಲ್ಲ, ಅದನ್ನು ಗುಣಾಕಾರ ಮಾಡಿಯೇ ತಿಳಿಯಬಹುದು. ಒಂದು ಉದಾಹರಣೆ ನೋಡಿ. ಮುಂದಿನ ತಿಂಗಳು 200 ಟ್ರ್ಯಾಕ್ಟರ್ ತಯಾರಿಸಬೇಕಾಗಿದೆ. ಒಂದಕ್ಕೆ ಹಿಂದಿನ ದೊಡ್ಡ ಚಕ್ರ ಎರಡು. ಒಟ್ಟು 400 ಚಕ್ರ ಬೇಕು. ಗೋದಾಮಿನ ಪುಸ್ತಕದಲ್ಲಿ 100 ಇದೆ. ಹಾಗಾದರೆ 300 ತರಿಸಿದರೆ ಸಾಕು. ಹೀಗೆ ಪ್ರತಿ ಬೋಲ್ಟು, ಪ್ರತಿ ನಟ್ಟಿನವರೆಗೂ ಲೆಕ್ಕ ಹಾಕುತ್ತಾ ಹೋಗುವುದು. ಸಾವಿರಾರು ಬಿಡಿಭಾಗಗಳಿಗೆ ಈ ಲೆಕ್ಕವನ್ನು ಕೈಯಲ್ಲಿ ಮಾಡಲು ಸಾಧ್ಯವಿಲ್ಲ. ಗಣಕಯಂತ್ರ ಬಂದ ಮೇಲೆ ಅದು ಸಾಧ್ಯವಾಯಿತು.

ಈಗ ವಿದ್ಯಾರ್ಥಿ ಮಿತ್ರರು ಇದೇ ಲೆಕ್ಕವನ್ನು ಇನ್ನೊಂದು ಸಲ ಮಾಡಿ ನೋಡಿ. ಪುಸ್ತಕದಲ್ಲಿ 100 ಎಂದಿದೆ, ಆದರೆ ಗೋದಾಮಿನಲ್ಲಿ ನಿಜವಾಗಿ ಇರುವುದು 60. ಯಂತ್ರ 300 ಚಕ್ರ ತರಿಸಿತು. ಒಟ್ಟು 360 ಆಯಿತು. ನಲವತ್ತು ಕಡಿಮೆ ಬಿತ್ತು. ಇಪ್ಪತ್ತು ಟ್ರ್ಯಾಕ್ಟರುಗಳು ಚಕ್ರವಿಲ್ಲದೆ ನಿಂತವು. ಯಂತ್ರದ ಗುಣಾಕಾರದಲ್ಲಿ ತಪ್ಪಿಲ್ಲ, ವ್ಯವಕಲನದಲ್ಲಿಯೂ ತಪ್ಪಿಲ್ಲ. ಅದು ಬರೆದದ್ದನ್ನು ನಂಬಿತು. ಬರೆದದ್ದು ಸುಳ್ಳಾಗಿತ್ತು.

ಓರ್ಲಿಕಿಯವರು 1975ರಲ್ಲಿ ಈ ವಿಷಯದ ಮೇಲೆ ಗ್ರಂಥವನ್ನೇ ಬರೆದರು. ಅವರ ಜೊತೆಗಾರರಾದ ಆಲಿವರ್ ವೈಟ್ ಅವರು ಊರೂರು ತಿರುಗಿ ಕಂಪನಿಗಳಿಗೆ ಈ ಪದ್ಧತಿಯನ್ನು ಕಲಿಸಿದರು. ಇವರು ಹೇಳುತ್ತಿದ್ದ ಮುಖ್ಯ ಷರತ್ತು ಒಂದೇ: ಮೊದಲು ದಾಸ್ತಾನಿನ ಲೆಕ್ಕ ಸರಿಯಿರಬೇಕು. ನೂರು ಬಗೆಯ ಸಾಮಾನುಗಳನ್ನು ಎಣಿಸಿದರೆ ಕನಿಷ್ಠ 95ರ ಲೆಕ್ಕವಾದರೂ ಪುಸ್ತಕದೊಂದಿಗೆ ತಾಳೆಯಾಗಬೇಕು ಎಂಬುದು ಈ ಕ್ಷೇತ್ರದಲ್ಲಿ ಅಳತೆಗೋಲಾಯಿತು. ವರ್ಷಕ್ಕೊಮ್ಮೆ ಗೋದಾಮು ಮುಚ್ಚಿ ಎಣಿಸುವ ಬದಲು ದಿನವೂ ಸ್ವಲ್ಪ ಸ್ವಲ್ಪ ಎಣಿಸುವ ರೂಢಿಯೂ ಬೆಳೆಯಿತು. ಈ ಷರತ್ತನ್ನು ನೆನಪಿನಲ್ಲಿಡಿ. ಮುಂದೆ ಬರುವ ಕಥೆಗಳಿಗೆಲ್ಲ ಇದೇ ಕೀಲಿಕೈ.

ಐವರು ಎಂಜಿನಿಯರುಗಳ ಸಾಹಸ

ಅಮೆರಿಕದಲ್ಲಿ ಹೀಗೆ ಸಾಮಗ್ರಿಯ ಲೆಕ್ಕ ಗಣಕಯಂತ್ರಕ್ಕೆ ಹೋಗುತ್ತಿದ್ದ ಕಾಲದಲ್ಲಿಯೇ ಜರ್ಮನಿಯಲ್ಲಿ ಮತ್ತೊಂದು ಪ್ರಯತ್ನ ನಡೆಯಿತು. 1972ರಲ್ಲಿ ಐ.ಬಿ.ಎಂ. ಕಂಪನಿಯನ್ನು ಬಿಟ್ಟು ಬಂದ ಐವರು ಎಂಜಿನಿಯರುಗಳು ಸೇರಿ ಎಸ್.ಎ.ಪಿ. ಎಂಬ ಸಂಸ್ಥೆಯನ್ನು ಕಟ್ಟಿದರು. ಡೀಟ್ಮಾರ್ ಹಾಪ್, ಹಾಸ್ಸೋ ಪ್ಲಾಟ್ನರ್, ಕ್ಲೌಸ್ ಚೀರಾ, ಹಾನ್ಸ್ ವೆರ್ನರ್ ಹೆಕ್ಟರ್ ಮತ್ತು ಕ್ಲೌಸ್ ವೆಲ್ಲೆನ್‌ರಾಯ್ಟರ್ ಎಂಬುದು ಅವರ ಹೆಸರುಗಳು. ಅವರ ಬಳಿ ಸ್ವಂತ ಗಣಕಯಂತ್ರ ಕೂಡ ಇರಲಿಲ್ಲ. ಎಸ್ಟ್ರಿಂಗನ್ ಎಂಬಲ್ಲಿದ್ದ ಐ.ಸಿ.ಐ. ಕಂಪನಿಯ ನೈಲಾನ್ ಕಾರ್ಖಾನೆ ಅವರ ಮೊದಲ ಗಿರಾಕಿ. ಆ ಕಾರ್ಖಾನೆಯ ಗಣಕಯಂತ್ರದಲ್ಲಿಯೇ ಕುಳಿತು, ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ, ಅವರು ತಮ್ಮ ತಂತ್ರಾಂಶವನ್ನು ಬರೆದರು.

ಅವರ ಆಲೋಚನೆಯಲ್ಲಿ ಎರಡು ಹೊಸ ಅಂಶಗಳಿದ್ದವು. ಮೊದಲನೆಯದು, ಪ್ರತಿ ಕಂಪನಿಗೂ ಬೇರೆ ಬೇರೆ ತಂತ್ರಾಂಶ ಬರೆಯುವ ಬದಲು ಎಲ್ಲರಿಗೂ ಒಗ್ಗುವ ಒಂದು ಸಿದ್ಧ ತಂತ್ರಾಂಶ ಮಾಡುವುದು. ಎರಡನೆಯದು, ದಿನದ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ರಾತ್ರಿ ಯಂತ್ರಕ್ಕೆ ಹಾಕುವ ಬದಲು, ಕೆಲಸ ನಡೆದ ಆ ಕ್ಷಣದಲ್ಲಿಯೇ ಲೆಕ್ಕ ದಾಖಲಾಗುವುದು. ಗೋದಾಮಿನಿಂದ ಸರಕು ಹೊರಬಿದ್ದ ಕೂಡಲೇ ದಾಸ್ತಾನಿನಲ್ಲಿ ಕಡಿಮೆಯಾಗಬೇಕು, ಹಣಕಾಸಿನ ಪುಸ್ತಕದಲ್ಲಿಯೂ ಅದು ಕಾಣಬೇಕು. ನಾಲ್ಕು ಪುಸ್ತಕಗಳ ಬದಲು ಒಂದೇ ಪುಸ್ತಕ ಎಂದರೆ ಇದು.

1979ರಲ್ಲಿ ಅವರ ಆರ್-2 ಎಂಬ ತಂತ್ರಾಂಶವೂ, 1992ರಲ್ಲಿ ಆರ್-3 ಎಂಬುದೂ ಹೊರಬಂದವು. ಅಷ್ಟರಲ್ಲಿ 1990ರಲ್ಲಿ ಗಾರ್ಟ್ನರ್ ಎಂಬ ಅಮೆರಿಕದ ಸಂಸ್ಥೆ ಇಂತಹ ತಂತ್ರಾಂಶಗಳಿಗೆ ಇ.ಆರ್.ಪಿ. ಎಂದು ಹೆಸರಿಟ್ಟಿತ್ತು. ಉದ್ಯಮದ ಸಂಪನ್ಮೂಲಗಳ ಯೋಜನೆ ಎಂದು ಅದರ ಅರ್ಥ. ಸಾಮಗ್ರಿಯ ಜೊತೆಗೆ ಹಣ, ಜನ, ಯಂತ್ರ ಎಲ್ಲವೂ ಆ ಲೆಕ್ಕದೊಳಗೆ ಬಂದವು.

ಇದೇ ಸಮಯದಲ್ಲಿ ಇನ್ನೊಂದು ಮಾತು ಚಲಾವಣೆಗೆ ಬಂತು. ಕೀತ್ ಆಲಿವರ್ ಎಂಬ ಸಲಹೆಗಾರರು 1982ರಲ್ಲಿ ಪೂರೈಕೆ ಸರಪಳಿಯ ನಿರ್ವಹಣೆ ಎಂಬ ಮಾತನ್ನು ಸಾರ್ವಜನಿಕವಾಗಿ ಬಳಸಿದರು. ಹತ್ತಿ ಬೆಳೆದ ರೈತನಿಂದ ಹಿಡಿದು ಅಂಗಡಿಯಲ್ಲಿ ಅಂಗಿ ಕೊಳ್ಳುವವನವರೆಗೆ ಇರುವ ಎಲ್ಲ ಕೈಗಳೂ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿಯನ್ನಷ್ಟೇ ನೋಡಿದರೆ ಸಾಲದು, ಇಡೀ ಸರಪಳಿಯನ್ನು ನೋಡಬೇಕು ಎಂಬುದು ಅದರ ಭಾವ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣದ ಮೇಲಿನ ಗೆರೆಗಳನ್ನು ಯಂತ್ರ ಮೊದಲ ಬಾರಿಗೆ ಓದಿತ್ತು. ಬಾರ್‌ಕೋಡ್ ಎಂಬ ಆ ಗೆರೆಗಳ ಬಳಕೆ ಹರಡಿದಂತೆ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನಡೆದದ್ದು ದೂರದ ಗೋದಾಮಿಗೂ ಕಾರ್ಖಾನೆಗೂ ತಿಳಿಯುವಂತಾಯಿತು.

1990ರ ದಶಕದ ಕೊನೆಗೆ ದೊಡ್ಡ ಕಂಪನಿಗಳೆಲ್ಲ ಈ ತಂತ್ರಾಂಶಗಳ ಕಡೆಗೆ ಓಡತೊಡಗಿದವು. 2000ನೇ ಇಸವಿ ಬಂದಾಗ ಹಳೆಯ ಗಣಕಗಳು ತೇದಿಯನ್ನು ತಪ್ಪಾಗಿ ಓದುತ್ತವೆ ಎಂಬ ಭಯ ಅದಕ್ಕೊಂದು ಮುಖ್ಯ ಕಾರಣ. ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಹೊಸದನ್ನೇ ತರುವುದು ಮೇಲು ಎಂದು ಹಲವರು ಭಾವಿಸಿದರು. ನಮ್ಮ ಬೆಂಗಳೂರಿನ ಸಾವಿರಾರು ಯುವಕ ಯುವತಿಯರಿಗೆ ಕೆಲಸ ದೊರೆತದ್ದು ಈ ಅಲೆಯಲ್ಲಿಯೇ. ಎಸ್.ಎ.ಪಿ. ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದದ್ದು 1998ರಲ್ಲಿ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಔಷಧ ವಿತರಕ ಕಂಪನಿಯ ಪತನ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಫಾಕ್ಸ್‌ಮೇಯರ್ ಎಂಬ ಕಂಪನಿಯಿತ್ತು. ಆಸ್ಪತ್ರೆಗಳಿಗೆ, ಔಷಧ ಅಂಗಡಿಗಳಿಗೆ ಔಷಧ ಹಂಚುವುದು ಅದರ ಉದ್ಯೋಗ. ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ವಹಿವಾಟು ನಡೆಸುತ್ತಿದ್ದ ಅದು ದೇಶದ ನಾಲ್ಕನೆಯ ದೊಡ್ಡ ಔಷಧ ವಿತರಕ ಸಂಸ್ಥೆಯಾಗಿತ್ತು. 1993ರಲ್ಲಿ ಅದು ಆರ್-3 ತಂತ್ರಾಂಶವನ್ನು ತರಲು ಹೊರಟಿತು. ಅದೇ ವೇಳೆಗೆ ಗೋದಾಮುಗಳಲ್ಲಿ ಮನುಷ್ಯರ ಬದಲು ಯಂತ್ರಗಳೇ ಸಾಮಾನು ಎತ್ತಿ ಇಡುವ ಇನ್ನೊಂದು ವ್ಯವಸ್ಥೆಯನ್ನೂ ಬೇರೊಂದು ಕಂಪನಿಯಿಂದ ತಂದಿತು.

ಹಳೆಯ ವ್ಯವಸ್ಥೆ ಒಂದು ರಾತ್ರಿಯಲ್ಲಿ 4,20,000 ಬೇಡಿಕೆಗಳನ್ನು ನಿಭಾಯಿಸುತ್ತಿತ್ತು. ಹೊಸದು ನಿಭಾಯಿಸಿದ್ದು 10,000 ಮಾತ್ರ ಎಂದು ಆಗ ವರದಿಯಾಯಿತು. ಗೋದಾಮಿನ ಕೆಲಸಗಾರರ ಸ್ಥಿತಿಯನ್ನು ಯೋಚಿಸಿ. ಹೊಸ ಯಂತ್ರ ಬಂದರೆ ತಮ್ಮ ಕೆಲಸ ಹೋಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಅವರ ಮನಸ್ಸು ಮುರಿದಿತ್ತು. ಅವರ ಅಸಮಾಧಾನದಿಂದ ಸರಕು ಹಾಳಾಯಿತು, ಬೇಡಿಕೆಗಳು ಹಾಗೆಯೇ ಉಳಿದವು ಎಂದು ಈ ಪ್ರಕರಣವನ್ನು ಅಭ್ಯಾಸ ಮಾಡಿದವರು ಬರೆದಿದ್ದಾರೆ. 1996ರ ಆಗಸ್ಟ್ ತಿಂಗಳಿನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಅದರ ಪ್ರತಿಸ್ಪರ್ಧಿಯಾದ ಮ್ಯಾಕ್‌ಕೆಸನ್ ಕಂಪನಿ ಸುಮಾರು 8 ಕೋಟಿ ಡಾಲರಿಗೆ ಅದರ ವ್ಯವಹಾರವನ್ನು ಕೊಂಡುಕೊಂಡಿತು.

ಮುಂದೆ ತಂತ್ರಾಂಶದ ಕಂಪನಿಯ ಮೇಲೂ ಸಲಹೆಗಾರರ ಮೇಲೂ ದಾವೆ ಹೂಡಲಾಯಿತು. ಅವರು ಆರೋಪವನ್ನು ನಿರಾಕರಿಸಿದರು. ಯಾರ ತಪ್ಪು ಎಷ್ಟು ಎಂಬ ತೀರ್ಮಾನ ನಮ್ಮ ಕೆಲಸವಲ್ಲ. ಇದೇ ಆರ್-3 ತಂತ್ರಾಂಶ ಬೇರೆ ಎಷ್ಟೋ ಕಂಪನಿಗಳಲ್ಲಿ ಚೆನ್ನಾಗಿ ನಡೆದಿದೆ. ಗೋದಾಮಿನೊಳಗೆ ನಿಂತು ಲೆಕ್ಕ ಕೊಡಬೇಕಾದವನನ್ನೇ ದೂರ ಮಾಡಿಕೊಂಡು ಗೋದಾಮಿನ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೆ ಏನಾದೀತು ಎಂಬುದನ್ನಷ್ಟು ನಾವು ಗಮನಿಸಿದರೆ ಸಾಕು.

ಚಾಕೊಲೇಟ್ ಇತ್ತು, ಲೆಕ್ಕ ಇರಲಿಲ್ಲ

ಎರಡನೆಯ ಕಥೆ ಮಕ್ಕಳಿಗೆಲ್ಲ ಪ್ರಿಯವಾದ ಚಾಕೊಲೇಟಿನದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷೀ ಕಂಪನಿ ಹೆಸರುವಾಸಿಯಾದುದು. ಅದು 11.2 ಕೋಟಿ ಡಾಲರ್ ಖರ್ಚಿನಲ್ಲಿ ಮೂರು ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳನ್ನು ಒಟ್ಟಿಗೆ ತಂದಿತು. ನಾಲ್ಕು ವರ್ಷ ಬೇಕು ಎಂದು ಅಂದಾಜಾಗಿದ್ದ ಕೆಲಸವನ್ನು 2000ನೇ ಇಸವಿಗೆ ಮುಂಚೆಯೇ ಮುಗಿಸಬೇಕೆಂದು 30 ತಿಂಗಳಿಗೆ ಇಳಿಸಲಾಯಿತು. 1999ರ ಏಪ್ರಿಲ್‌ನಲ್ಲಿ ಆರಂಭವಾಗಬೇಕಾಗಿದ್ದ ಹೊಸ ವ್ಯವಸ್ಥೆ ಜುಲೈಗೆ ಹೋಯಿತು. ಜುಲೈ ಎಂದರೆ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳು ಮಿಠಾಯಿಗೆ ಬೇಡಿಕೆ ಕಳಿಸುವ ಕಾಲ. ನಮ್ಮಲ್ಲಿ ಈದ್ ಅಥವಾ ದೀಪಾವಳಿಗೆ ಮುಂಚಿನ ವಾರಗಳಲ್ಲಿ ಬಟ್ಟೆ ಅಂಗಡಿಯವನು ತನ್ನ ಲೆಕ್ಕದ ಪದ್ಧತಿಯನ್ನೇ ಬದಲಿಸಲು ಕುಳಿತರೆ ಹೇಗಿರುತ್ತದೆಯೋ ಹಾಗೆ.

ಹಬ್ಬದ ಸಮಯಕ್ಕೆ ಸುಮಾರು 10 ಕೋಟಿ ಡಾಲರ್ ಬೆಲೆಯ ಬೇಡಿಕೆಗಳು ಪೂರೈಕೆಯಾಗದೆ ಉಳಿದವು. ಆ ತ್ರೈಮಾಸಿಕದಲ್ಲಿ ಕಂಪನಿಯ ಲಾಭ ಶೇಕಡಾ 19ರಷ್ಟು ಕುಸಿಯಿತು. ವಿಚಿತ್ರವೆಂದರೆ ಚಾಕೊಲೇಟಿಗೆ ಕೊರತೆ ಇರಲಿಲ್ಲ. ಹಬ್ಬದ ಸಮಯದಲ್ಲಿ ಹೆಚ್ಚುವರಿ ಸರಕನ್ನು ಕಾರ್ಖಾನೆಯ ಖಾಲಿ ಕೋಣೆಗಳಲ್ಲಿ, ತಾತ್ಕಾಲಿಕವಾಗಿ ಬಾಡಿಗೆಗೆ ಹಿಡಿದ ಗೋದಾಮುಗಳಲ್ಲಿ ಇಡುವುದು ಅಲ್ಲಿನ ಹಳೆಯ ರೂಢಿ. ಹಳೆಯ ನೌಕರರಿಗೆ ಅದು ಬಾಯಿಪಾಠ. ಆದರೆ ಹೊಸ ತಂತ್ರಾಂಶದಲ್ಲಿ ಆ ಜಾಗಗಳನ್ನು ಸರಕು ಇಡುವ ಜಾಗಗಳೆಂದು ಯಾರೂ ದಾಖಲಿಸಿರಲಿಲ್ಲ ಎಂದು ವರದಿಗಳು ಹೇಳಿದವು. ಮನುಷ್ಯನ ಕಣ್ಣಿಗೆ ಕಾಣುವ ಚಾಕೊಲೇಟ್ ಯಂತ್ರದ ಪಾಲಿಗೆ ಇರಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು!

ಆದರೆ ಹರ್ಷೀ ಕಂಪನಿಯ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. 2002ರಲ್ಲಿ ಅದೇ ಕಂಪನಿ ಅದೇ ತಂತ್ರಾಂಶದ ಹೊಸ ಆವೃತ್ತಿಯನ್ನು ತಂದಿತು. ಈ ಸಲ ಸಾಕಷ್ಟು ಪರೀಕ್ಷೆಗಳನ್ನು ಮಾಡಿತು. ಕೆಲಸ ನಿಗದಿಯಾದ ಖರ್ಚಿಗಿಂತ ಕಡಿಮೆಯಲ್ಲಿ ಸುಸೂತ್ರವಾಗಿ ಮುಗಿಯಿತು. ತಂತ್ರಾಂಶದ ಮನೆತನ ಅದೇ, ಕಂಪನಿ ಅದೇ, ಚಾಕೊಲೇಟ್ ಅದೇ. ಬದಲಾದದ್ದು ಸಿದ್ಧತೆ.

ಬೂಟು ಎಷ್ಟು ಬೇಕು?

ಮೂರನೆಯದು ನೈಕಿ ಎಂಬ ಬೂಟಿನ ಕಂಪನಿಯದು. ಬೂಟು ತಯಾರಾಗುವುದು ಏಷ್ಯಾದ ದೇಶಗಳಲ್ಲಿ, ಮಾರಾಟವಾಗುವುದು ಪ್ರಪಂಚದ ಎಲ್ಲೆಡೆ. ಆದ್ದರಿಂದ ಯಾವ ಬೂಟು ಎಷ್ಟು ಬೇಕು ಎಂಬುದನ್ನು ತಿಂಗಳುಗಟ್ಟಲೆ ಮುಂಚೆಯೇ ಅಂದಾಜಿಸಬೇಕು. ಆ ಅಂದಾಜಿಗಾಗಿ ನೈಕಿ ಐ-ಟು ಟೆಕ್ನಾಲಜೀಸ್ ಎಂಬ ಕಂಪನಿಯ ತಂತ್ರಾಂಶವನ್ನು 2000ರ ಜೂನ್‌ನಲ್ಲಿ ಬಳಕೆಗೆ ತಂದಿತು. ಈ ಐ-ಟು ಸಂಸ್ಥೆಯನ್ನು 1988ರಲ್ಲಿ ಕಟ್ಟಿದವರು ಭಾರತ ಮೂಲದ ಸಂಜೀವ್ ಸಿಧು ಮತ್ತು ಕೆನ್ ಶರ್ಮಾ. ಬೆಂಗಳೂರಿನಲ್ಲಿಯೂ ಅದರ ತಂತ್ರಾಂಶ ಅಭಿವೃದ್ಧಿಯ ಕೇಂದ್ರವಿತ್ತು.

ನೈಕಿ ತನ್ನ ಹಳೆಯ ಪದ್ಧತಿಗೆ ಹೊಂದುವಂತೆ ಆ ತಂತ್ರಾಂಶವನ್ನು ಬಹಳವಾಗಿ ತಿದ್ದಿಸಿಕೊಂಡಿತು. ಹಳೆಯ ಹೊಸ ವ್ಯವಸ್ಥೆಗಳ ಜೋಡಣೆ ಸರಿಹೋಗಲಿಲ್ಲ. ಕೊಳ್ಳುವವರಿಲ್ಲದ ಬೂಟುಗಳಿಗೆ ವಿಪರೀತವಾಗಿ ಬೇಡಿಕೆ ಹೋಯಿತು, ಎಲ್ಲರೂ ಕೇಳುವ ಬೂಟುಗಳಿಗೆ ಕೊರತೆಯಾಯಿತು. 2001ರ ಫೆಬ್ರವರಿಯಲ್ಲಿ ನೈಕಿ ಸುಮಾರು 10 ಕೋಟಿ ಡಾಲರ್ ಮಾರಾಟ ಕೈತಪ್ಪಿದೆಯೆಂದು ಪ್ರಕಟಿಸಿತು. ಅದರ ಷೇರಿನ ಬೆಲೆ ಸುಮಾರು ಐದನೆಯ ಒಂದು ಭಾಗ ಕುಸಿಯಿತು. ಪರೀಕ್ಷೆ ಸಾಲದಾಯಿತೆಂದು ಒಬ್ಬರು, ತಂತ್ರಾಂಶವೇ ಸರಿಯಿಲ್ಲವೆಂದು ಇನ್ನೊಬ್ಬರು ವಾದಿಸಿದರು. ಆದರೆ ನೈಕಿ ತನ್ನ ಯೋಜನೆಯನ್ನು ಕೈಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ನೌಕರರಿಗೆ ಸಾಕಷ್ಟು ತರಬೇತಿ ಕೊಟ್ಟು, ಒಂದೊಂದೇ ಪ್ರದೇಶದಲ್ಲಿ ನಿಧಾನವಾಗಿ ಹೊಸ ವ್ಯವಸ್ಥೆಯನ್ನು ತಂದು ಗುರಿ ಮುಟ್ಟಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಂಪನಿ ತನ್ನ ರೂಢಿಯನ್ನು ತಂತ್ರಾಂಶಕ್ಕೆ ತಕ್ಕಂತೆ ಬದಲಿಸಬೇಕೇ, ತಂತ್ರಾಂಶವನ್ನು ತನ್ನ ರೂಢಿಗೆ ತಕ್ಕಂತೆ ಬದಲಿಸಬೇಕೇ? ಜರ್ಮನಿಯ ಲಿಡ್ಲ್ ಎಂಬ ಅಂಗಡಿಗಳ ಕಂಪನಿ ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಬರೆಯುತ್ತಿತ್ತು. ಹೊಸ ತಂತ್ರಾಂಶದ ಪದ್ಧತಿ ಮಾರುವ ದರದಲ್ಲಿ ಬರೆಯುವುದು. ಕಂಪನಿ ತನ್ನ ರೂಢಿ ಬಿಡಲಿಲ್ಲ, ತಂತ್ರಾಂಶವನ್ನು ತಿದ್ದುತ್ತಾ ಹೋಯಿತು. ಏಳು ವರ್ಷಗಳ ನಂತರ, 2018ರಲ್ಲಿ, ಆ ಯೋಜನೆಯನ್ನೇ ಕೈಬಿಟ್ಟಿತು. ಅದಕ್ಕಾದ ಖರ್ಚು ಸುಮಾರು 50 ಕೋಟಿ ಯೂರೋ ಎಂದು ಪತ್ರಿಕೆಗಳು ಬರೆದವು. ಕೊಂಡ ದರವೋ ಮಾರುವ ದರವೋ ಎಂಬ, ವಾಣಿಜ್ಯ ವಿದ್ಯಾರ್ಥಿ ಮೊದಲ ವರ್ಷದಲ್ಲಿ ಕಲಿಯುವ ಒಂದು ವಿಷಯ ಇಷ್ಟು ದೂರ ಹೋಯಿತು.

ಖಾಲಿ ಕಪಾಟು, ತುಂಬಿದ ಗೋದಾಮು

ಕೊನೆಯ ಕಥೆ ಇವೆಲ್ಲಕ್ಕಿಂತ ದೊಡ್ಡದು. ಅಮೆರಿಕದ ಟಾರ್ಗೆಟ್ ಎಂಬ ಅಂಗಡಿಗಳ ಕಂಪನಿ ನೆರೆಯ ಕೆನಡಾ ದೇಶಕ್ಕೆ ಕಾಲಿಡಲು ನಿರ್ಧರಿಸಿತು. 2011ರ ಜನವರಿಯಲ್ಲಿ ಅಲ್ಲಿನ ಜೆಲ್ಲರ್ಸ್ ಎಂಬ ಅಂಗಡಿಗಳ ಗುತ್ತಿಗೆಯನ್ನು 182.5 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ಅಷ್ಟು ಹಣ ಹಾಕಿದ ಮೇಲೆ ಕಟ್ಟಡಗಳನ್ನು ಖಾಲಿ ಇಟ್ಟುಕೊಂಡು ಕೂರುವಂತಿಲ್ಲ. 2013ರ ಮಾರ್ಚ್‌ನಲ್ಲಿ ಅಂಗಡಿಗಳು ತೆರೆಯಲಾರಂಭಿಸಿದವು. ಆ ಒಂದೇ ವರ್ಷದಲ್ಲಿ 124 ಅಂಗಡಿಗಳು ಬಾಗಿಲು ತೆರೆದವು.

ಅಮೆರಿಕದಲ್ಲಿ ಬಳಸುತ್ತಿದ್ದ ಸ್ವಂತ ತಂತ್ರಾಂಶ ಕೆನಡಾದ ನಾಣ್ಯಕ್ಕೂ ಅಲ್ಲಿನ ಫ್ರೆಂಚ್ ಭಾಷೆಗೂ ಒಗ್ಗುವಂತಿರಲಿಲ್ಲ. ಆದ್ದರಿಂದ ಎಸ್.ಎ.ಪಿ. ತಂತ್ರಾಂಶವನ್ನು ತರಲಾಯಿತು. ಹೊಸ ತಂತ್ರಾಂಶಕ್ಕೆ ಮೊದಲು ಬೇಕಾದದ್ದು ಸುಮಾರು 75,000 ಬಗೆಯ ಸಾಮಾನುಗಳ ವಿವರ. ಉದ್ದ, ಅಗಲ, ಎತ್ತರ, ಬೆಲೆ, ಒಂದು ಪೆಟ್ಟಿಗೆಯಲ್ಲಿ ಎಷ್ಟು ಎಂಬ ಸಂಖ್ಯೆ, ಹೀಗೆ ಒಂದೊಂದಕ್ಕೂ ಹತ್ತಾರು ಅಂಕಿಗಳು. ಕೆಲಸಕ್ಕೆ ಹೊಸಬರಾದ ಯುವಕರು ಹಗಲಿರುಳು ಕುಳಿತು ಇವನ್ನೆಲ್ಲ ತುಂಬಿದರು. ಅವರ ಮೇಲೆ ಗಡುವಿನ ಒತ್ತಡವಿತ್ತು. ಉದ್ದದ ಜಾಗದಲ್ಲಿ ಅಗಲ ಸೇರಿತು, ಸೆಂಟಿಮೀಟರಿನ ಜಾಗದಲ್ಲಿ ಅಂಗುಲ ಸೇರಿತು, ಬೆಲೆ ಬೇರೆ ನಾಣ್ಯದಲ್ಲಿ ದಾಖಲಾಯಿತು. ಕೆನಡಾದ ಪತ್ರಿಕೆಯೊಂದು ಮಾಜಿ ನೌಕರರನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆ ವಿವರಗಳಲ್ಲಿ ಸರಿಯಿದ್ದದ್ದು ಸುಮಾರು ಶೇಕಡಾ 30 ಮಾತ್ರ. ಓರ್ಲಿಕಿಯವರ ಕಾಲದ ಶೇಕಡಾ 95ರ ಅಳತೆಗೋಲು ಇಲ್ಲಿ ನೆನಪಾಗದೆ ಇರದು.

ಪರಿಣಾಮ ಏನಾಯಿತು? ಪೆಟ್ಟಿಗೆಗಳು ಕಪಾಟಿಗೆ ಹಿಡಿಸಲಿಲ್ಲ. ಗೋದಾಮುಗಳು ತುಂಬಿ ತುಳುಕಿದವು. ಅಂಗಡಿಯ ಕಪಾಟುಗಳು ಖಾಲಿ ಉಳಿದವು. ಗ್ರಾಹಕರು ಬಂದು ಬರಿಗೈಯಲ್ಲಿ ಹಿಂದಿರುಗಿದರು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಸಾಮಾನು ಮುಗಿದರೆ ತಾನಾಗಿಯೇ ತರಿಸುವ ವ್ಯವಸ್ಥೆಯನ್ನು ಕೆಲವು ನೌಕರರು ಬೇಕೆಂದೇ ನಿಲ್ಲಿಸುತ್ತಿದ್ದರಂತೆ. ಹಾಗೆ ನಿಲ್ಲಿಸಿದರೆ ಆ ಸಾಮಾನು ಮುಗಿದಿದೆ ಎಂದು ಯಂತ್ರ ವರದಿ ಮಾಡುವುದಿಲ್ಲ, ಮೇಲಧಿಕಾರಿಯಿಂದ ಬೈಗುಳವೂ ಬರುವುದಿಲ್ಲ. ಕಾಗದದ ಮೇಲೆ ಎಲ್ಲವೂ ಚೆನ್ನ, ಕಪಾಟಿನಲ್ಲಿ ಏನೂ ಇಲ್ಲ.

2015ರ ಜನವರಿ 15ರಂದು ಟಾರ್ಗೆಟ್ ಕೆನಡಾದಿಂದ ಹೊರಡುವುದಾಗಿ ಪ್ರಕಟಿಸಿತು. ಆಗ ಅಲ್ಲಿ 133 ಅಂಗಡಿಗಳಿದ್ದವು. ಸುಮಾರು 17,600 ಜನ ಕೆಲಸ ಕಳೆದುಕೊಂಡರು. ಕಂಪನಿ ಸುಮಾರು 540 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅಂಗಡಿಗಳ ಜಾಗ, ಹೆಚ್ಚಿನ ಬೆಲೆ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಖಾಲಿ ಕಪಾಟನ್ನು ಕಂಡು ಹಿಂದಿರುಗಿದ ಗ್ರಾಹಕ ಮತ್ತೆ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಇತಿಹಾಸ ಕಲಿಸುವ ಪಾಠ

ವಾಚಕ ಮಿತ್ರರೇ, ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿ. ದೇಶ ಬೇರೆ, ಕಾಲ ಬೇರೆ, ಸರಕು ಬೇರೆ. ಔಷಧ, ಚಾಕೊಲೇಟ್, ಬೂಟು, ಗೃಹೋಪಯೋಗಿ ಸಾಮಾನು. ಬುದ್ಧಿವಂತ ಎಂಜಿನಿಯರುಗಳಿಗಾಗಲಿ ಹಣಕ್ಕಾಗಲಿ ಎಲ್ಲಿಯೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬಹಳ ಸಣ್ಣದೆಂದು ಕಾಣುವ ಕಡೆಗಳಲ್ಲಿ. ಒಂದು ಕಡೆ ಖಾಲಿ ಕೋಣೆಯಲ್ಲಿಟ್ಟ ಪೆಟ್ಟಿಗೆಯನ್ನು ಯಾರೂ ಬರೆದಿರಲಿಲ್ಲ. ಇನ್ನೊಂದು ಕಡೆ ಅಳತೆಯನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ಮತ್ತೊಂದು ಕಡೆ ಗೋದಾಮಿನ ಕೆಲಸಗಾರನನ್ನು ಯಾರೂ ವಿಶ್ವಾಸಕ್ಕೆ ತೆಗೆದುಕೊಳ್ಳಲಿಲ್ಲ. ಗಡುವು ಮಾತ್ರ ಎಲ್ಲರ ನೆತ್ತಿಯ ಮೇಲಿತ್ತು.

ಈ ವಿಷಯ ನಮಗೆ ದೂರದ್ದೆಂದು ತಿಳಿಯಬೇಡಿ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಅದರ ವ್ಯಾಪ್ತಿಗೆ ಬರುವ ವರ್ತಕರೆಲ್ಲ ತಮ್ಮ ಖರೀದಿ ಮಾರಾಟದ ಲೆಕ್ಕವನ್ನು ಗಣಕದಲ್ಲಿಯೇ ಸಲ್ಲಿಸಬೇಕಾಗಿದೆ. ಆ ಜಾಲವನ್ನು ಕಟ್ಟಿಕೊಟ್ಟದ್ದು ನಮ್ಮ ಬೆಂಗಳೂರಿನ ಇನ್ಫೋಸಿಸ್. ಒಬ್ಬ ವರ್ತಕ ಬರೆದ ಬಿಲ್ಲಿನ ಅಂಕಿಗೂ ಅವನಿಂದ ಕೊಂಡವನು ಹೇಳುವ ಅಂಕಿಗೂ ತಾಳೆಯಾಗದಿದ್ದರೆ ತೊಡಕು ಇಬ್ಬರಿಗೂ ತಪ್ಪಿದ್ದಲ್ಲ. ಸರಪಳಿ ನಮ್ಮ ಊರಿನ ಅಂಗಡಿಯವರೆಗೂ ಬಂದಿದೆ. ಎಸ್.ಎ.ಪಿ. ಸಂಸ್ಥೆ 2015ರಲ್ಲಿ ಹೊಸ ಪೀಳಿಗೆಯ ತಂತ್ರಾಂಶವನ್ನು ಬಿಡುಗಡೆ ಮಾಡಿದ್ದು, ಜಗತ್ತಿನ ದೊಡ್ಡ ಕಂಪನಿಗಳು ಒಂದೊಂದಾಗಿ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಿವೆ. ಕೃತಕ ಬುದ್ಧಿಮತ್ತೆಯಿಂದ ಮುಂದಿನ ಬೇಡಿಕೆಯನ್ನು ಊಹಿಸುವ ಪ್ರಯತ್ನಗಳೂ ನಡೆದಿವೆ. ಆ ಬುದ್ಧಿಯೂ ಓದುವುದು ಗೋದಾಮಿನಲ್ಲಿ ಯಾರೋ ಒಬ್ಬರು ಬರೆದಿಟ್ಟ ಲೆಕ್ಕವನ್ನೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಇಂತಹ ತಂತ್ರಾಂಶವನ್ನು ಬರೆಯುವಿರಿ. ಬರೆಯುವ ಮುನ್ನ ಒಂದು ದಿನವಾದರೂ ಗೋದಾಮಿಗೆ ಹೋಗಿ ನಿಂತು ನೋಡಿ. ಹೆಚ್ಚಿನವರು ಬಿ.ಕಾಂ., ಡಿಪ್ಲೊಮಾ, ಐ.ಟಿ.ಐ. ಮುಗಿಸಿ ಅಂಗಡಿ, ಕಾರ್ಖಾನೆ, ಸಾಗಣೆ ಕಚೇರಿಗಳಲ್ಲಿ ಅಂಕಿ ತುಂಬುವ ಕೆಲಸದಿಂದ ಜೀವನವನ್ನು ಆರಂಭಿಸುವಿರಿ. ಆ ಕೆಲಸವನ್ನು ಕೀಳೆಂದು ಯಾರಾದರೂ ಹೇಳಿದರೆ ಟಾರ್ಗೆಟ್ ಕಂಪನಿಯ 17,600 ಜನರನ್ನು ಅವರಿಗೆ ನೆನಪಿಸಿ. ನೂರು ಎಂದು ಬರೆಯುವ ಮುನ್ನ ಎದ್ದು ಹೋಗಿ ನೂರು ಇದೆಯೇ ಎಂದು ಎಣಿಸಿ ಬನ್ನಿ. ಅರುವತ್ತು ಇದ್ದರೆ ಅರುವತ್ತೇ ಎಂದು ಬರೆಯಿರಿ. ಮೇಲಧಿಕಾರಿ ಅವಸರ ಮಾಡಿದರೂ, ಗಡುವು ಮುಗಿಯುತ್ತಾ ಬಂದರೂ ಹಾಗೆಯೇ ಬರೆಯಿರಿ. ಇನ್ನಾರದೋ ಔಷಧ, ಇನ್ನಾರದೋ ಸಂಬಳ ನೀವು ಬರೆದ ಆ ಒಂದು ಅಂಕಿಯನ್ನು ನಂಬಿಕೊಂಡಿರುತ್ತದೆ.